ಜಾಡಿಗೆ ಬಿದ್ದ ಜಿಡ್ಡು

ಒಂದರ ಸಿಪ್ಪೆ ಸುಕ್ಕುಗಟ್ಟಿತು, ಪಕ್ಕದ್ದು ಇನ್ನೂ ಹಸಿಹಸಿರು, ಹಟಮಾರಿ, ಬಾಣಲೆಯ ಅಂಚಿಗೆ ಹೋಗಿ ಕೂತಿದೆ, ತಳ್ಳು ಅದನ್ನು ನಡುವಿಗೆ, ಉರಿ ಸ್ವಲ್ಪ ತಗ್ಗಲಿ, ಹುರುಳಿಕಾಯಿಗೆ ಅವಸರ ಮಾಡಬಾರದು ಅಂತ ಅತ್ತೆ ನಾನು ಈ ಮನೆಗೆ ಬಂದ ಹೊಸದರಲ್ಲೇ ಹೇಳಿದ್ದರು — ಹೇಳಿದ್ದರು ಎಂದರೆ ಕೈಯಿಂದ ಸೌಟು ಕಿತ್ತುಕೊಂಡಿದ್ದರು — ಕೊಡೇ ಇಲ್ಲಿ, ನಿಮ್ಮ ಹೆನಾನ್ ಕಡೆ ಹುರುಳಿಕಾಯಿನ ಹಲ್ಲಿಲ್ಲದ ಮುದುಕರಿಗೆ ಅಂತ ಬೇಯಿಸ್ತಾರೇನೋ, ಜಿಗೊಂಗ್‌ನಲ್ಲಿ ನಾವು ಹುರೀತೀವಿ, ತೊಳೆದ ಮೇಲೆ ಒಂದು ಹನಿ ನೀರು ಉಳೀಬಾರದು, ಸಿಪ್ಪೆ ಸುಕ್ಕಾಗಬೇಕು, ಒಳಗೆ ಹಸಿ ಉಳಿದ್ರೆ ಮನೆಮಂದಿಯೆಲ್ಲ ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರ್ತಾರೆ, ತಿಳೀತಾ. ತಿಳಿಯಿತು. ಆಗ ಮೈಯೆಲ್ಲ ಉರಿದುಹೋಗಿತ್ತು ನನಗೆ, ನಮ್ಮಮ್ಮ ಹುರುಳಿಕಾಯಿಯ ಮೇಲೆ ಹಸಿ ಶಾವಿಗೆ ಹರಡಿ ಮುಚ್ಚಿ ಬೇಯಿಸುತ್ತಿದ್ದಳು, ಅದರ ಘಮಕ್ಕೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಬರುತ್ತಿದ್ದರು, ಇವರಿಗೇನು ಗೊತ್ತು ಅಂದುಕೊಂಡಿದ್ದೆ. ಇವತ್ತು ಆ ಬಾಯಿ ಬೇಕು ನನಗೆ, ಬೈಯಲಿ, ಬಾಗಿಲಿಗೆ ಬಂದು ನಿಂತು ಉರಿ ಜಾಸ್ತಿ ಆಯ್ತು ಕಣೇ ಅನ್ನಲಿ. ಅನ್ನುವುದಿಲ್ಲ. ಊಟದ ಮೇಜಿನ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ, ಸುಲಿದ ಎಸಳನ್ನೇ ಮತ್ತೆ ಎತ್ತಿ ತಿರುಗಿಸಿ ನೋಡುತ್ತಾರೆ, ಸುಲಿದಾಯಿತೋ ಇಲ್ಲವೋ ಅಂತ. ಅವರ ಬಟ್ಟೆಯ ಚೀಲ ಬಾಗಿಲ ಬಳಿ ಸಿದ್ಧವಾಗಿದೆ. ಊಟವಾದ ಮೇಲೆ ಯಾಛಿನ್ ಅಕ್ಕ, ನನ್ನ ಗಂಡನ ಅಕ್ಕ, ಅವರನ್ನು ಚೆಂಗ್ದುವಿಗೆ ಕರೆದುಕೊಂಡು ಹೋಗುತ್ತಾರೆ, ತಮ್ಮ ಮನೆಗಲ್ಲ, ಮನೆಯ ಹತ್ತಿರ ಇರುವ, ಮರೆವಿನವರನ್ನು ಇಟ್ಟು ನೋಡಿಕೊಳ್ಳುವ ಒಂದು ವೃದ್ಧಾಶ್ರಮಕ್ಕೆ, ಅದಕ್ಕೆ ಕಾರಣ ನಾನು, ಈ ಮನೆಯಲ್ಲಿ ಅದು ನನ್ನೊಬ್ಬಳಿಗೇ ಗೊತ್ತು.

ಒಂದು ಹನಿ ಜಿಡ್ಡು, ಅಷ್ಟೇ. ಬಾಲ್ಕನಿಯ ನೆರಳಿನ ಮೂಲೆಯಲ್ಲಿ ಆ ಉಪ್ಪಿನಕಾಯಿ ಜಾಡಿ ಇತ್ತು, ಕಂದು ಮಣ್ಣಿನದು, ಕುತ್ತಿಗೆಯ ಸುತ್ತ ನೀರು ನಿಲ್ಲುವ ಅಂಚು, ಮೇಲೆ ಬೋಗುಣಿಯಂಥ ಮುಚ್ಚಳ, ಒಳಗಿನ ಉಪ್ಪುನೀರು ಅತ್ತೆಯ ತವರಿನದು, ಮದುವೆಯಾಗಿ ಬರುವಾಗ ಅವರಮ್ಮ ಫ್ಲಾಸ್ಕಿನಲ್ಲಿ ತುಂಬಿಸಿ ಕೊಟ್ಟದ್ದು, ದಾರಿಯುದ್ದಕ್ಕೂ ಕೋಟಿನೊಳಗೆ ಹೊಟ್ಟೆಗೆ ಅವಚಿಕೊಂಡು ಬಂದಿದ್ದರಂತೆ, ಬಸ್ಸಿನಲ್ಲಿ ಯಾರೋ ಹೆಂಗಸು, ಏನಮ್ಮಾ ಮದುವಣಗಿತ್ತಿ, ಇಷ್ಟು ಬೇಗ ಬಸುರಾ ಅಂದಿದ್ದಳಂತೆ, ಇದನ್ನು ಹೇಳುವಾಗಲೆಲ್ಲ ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಆ ನೀರನ್ನು ಯಾವತ್ತೂ ಚೆಲ್ಲಿದ್ದಿಲ್ಲ, ಜಿಗೊಂಗ್‌ನ ಬಾವಿ ನೀರು ಕಾಯಿಸಿ ತೆಗೆದ ಉಪ್ಪು ಸೇರಿಸುವುದು, ಮಾರುದ್ದದ ಅಲಸಂದೆಕಾಯಿಯನ್ನು ಸಿಂಬಿ ಸುತ್ತಿ ಇಳಿಸುವುದು, ಹುಳಿ ಹಿಡಿದದ್ದನ್ನು ತೆಗೆಯುವುದು — ತೆಗೆಯಲು ಬೇರೆಯೇ ಒಂದು ಜೊತೆ ಕಡ್ಡಿ, ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದು, ನಾವು ಉಣ್ಣುವ ಕಡ್ಡಿ, ಅಡುಗೆಯ ಕಡ್ಡಿ ಅದರ ಹತ್ತಿರ ಸುಳಿಯುವಂತಿಲ್ಲ, ತೊಟ್ಟು ಜಿಡ್ಡು ಬಿದ್ದರೂ ಇಡೀ ಜಾಡಿ ಕೊಳೆತುಹೋಗುತ್ತದೆ. ನಾನೂ ಸುಳಿಯುವಂತಿರಲಿಲ್ಲ. ನಿಂದು ಗೋಧಿ ಹಿಟ್ಟು ನಾದೋ ಕೈ ಕಣೇ ಶುಲಿನ್, ಉಪ್ಪುನೀರಿಗೆ ಆಗಿಬರಲ್ಲ. ನಗುತ್ತಲೇ ಅನ್ನುತ್ತಿದ್ದರು, ನಾನೂ ನಗುತ್ತಿದ್ದೆ, ಒಳಗೆ ಮಾತ್ರ ಆ ಜಾಡಿಯನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾದರೆ ಬೇಕೆಂದೇ ಮಾಡಿದೆನೇ, ಇಲ್ಲ, ಇಲ್ಲ, ಅತ್ತೆ ಪಾರ್ಕಿಗೆ ಮಾಜೊಂಗ್ ಆಡಲು ಹೋಗಿದ್ದ ದಿನ ಅದು, ಬಾಣಲೆಯಲ್ಲಿ ಕೊಚ್ಚಿದ ಹಂದಿಮಾಂಸ ಹುರಿಯುತ್ತಿತ್ತು, ಅದಕ್ಕೆ ಹುಳಿ ಅಲಸಂದೆ ಬೇಕಿತ್ತು, ಪಾರ್ಸೆಲ್‌ನವನ ಫೋನು ನಿಲ್ಲದೆ ಬಡಿದುಕೊಳ್ಳುತ್ತಿತ್ತು, ಮಾಂಸ ಸೀಯುತ್ತಿತ್ತು, ಕೈಯಲ್ಲಿದ್ದ ಕಡ್ಡಿಗಳನ್ನೇ ಹಿಡಿದು ಬಾಲ್ಕನಿಗೆ ಓಡಿ ಜಾಡಿಗೆ ಅದ್ದಿಬಿಟ್ಟೆ. ಆಮೇಲೆ ನೋಡಿದೆ. ಕಡ್ಡಿಯ ತುದಿಯಿಂದ ಕೊಬ್ಬಿನ ಹನಿ ಕಳಚಿ ನೀರಿನ ಮೇಲೆ ದುಂಡಗೆ ಹರಡಿತು, ಹೊಳೆಯಿತು. ಆಗಲೇ ಒಂದು ಚಮಚದಲ್ಲಿ ತೆಗೆದಿದ್ದರೆ, ಆಗಲೇ ಹೇಳಿದ್ದರೆ, ತೆಗೆಯಲಿಲ್ಲ, ಹೇಳಲಿಲ್ಲ, ಮುಚ್ಚಳ ಹಾಕಿ ಅಂಚಿಗೆ ನೀರು ತುಂಬಿಸಿ ಬಂದುಬಿಟ್ಟೆ.

ಈಗ ಎಲ್ಲವೂ ಒಂದೇ ಸಮ ಸುಕ್ಕಾಯಿತು, ಜಾಲರಿ ಸೌಟಿನಲ್ಲಿ ಎತ್ತಿ ತಟ್ಟೆಗೆ, ಎಣ್ಣೆ ಬಸಿಯಲಿ, ಉಳಿದ ಎಣ್ಣೆಯಲ್ಲಿ ಒಣಮೆಣಸಿನಕಾಯಿ, ನಾಲಿಗೆ ಜುಮ್ಮೆನ್ನಿಸುವ ಹೂಮೆಣಸು, ಘಾಟು ಗಂಟಲಿಗೆ ಹತ್ತಿತು, ಕಣ್ಣಲ್ಲಿ ನೀರು, ಒಳ್ಳೆಯದೇ ಆಯಿತು, ಯಾರಾದರೂ ಕೇಳಿದರೆ ಮೆಣಸಿನ ಘಾಟು ಎನ್ನಬಹುದು, ಇನ್ನೊಂದು ಸುಳ್ಳು. ಮೊದಲನೆಯದು ಎಷ್ಟು ಸಲೀಸಾಗಿ ಬಂದಿತ್ತು. ಕೆಲವು ದಿನ ಕಳೆದು ಅತ್ತೆ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡರು, ಮೇಲೆಲ್ಲ ಬಿಳಿ ಪೊರೆ, ಅಲಸಂದೆ ಲೋಳೆ ಲೋಳೆ, ಪೊರೆ ಹೋಗಲಿ ಅಂತ ಸಾರಾಯಿ ಸುರಿದರು, ಉಪ್ಪು ಹಾಕಿದರು, ದಿನವೂ ಬಗ್ಗಿ ಮೂಸಿದರು, ಸುಧಾರಿಸಲಿಲ್ಲ, ಯಾರೇ ಜಿಡ್ಡಿನ ಕಡ್ಡಿ ಹಾಕಿದ್ದು ಅಂತ ಅರಚಿದರು, ಮೆಟ್ಟಿಲಿನವರೆಗೆ ಕೇಳಿಸುವ ಹಾಗೆ. ನಾನು ಅಕ್ಕಿ ತೊಳೆಯುತ್ತಿದ್ದೆ. ತಿರುಗಿಯೂ ನೋಡದೆ ಅಂದೆ, ನೀವೇ ಅಲ್ವಾ ಅಮ್ಮ, ಅವತ್ತು ಮಾಂಸ ಹುರೀತಾ ಇದ್ರಲ್ಲ, ಹಾಗೇ ಎದ್ದು ಹೋಗಿ ತೆಗೆದುಕೊಂಡು ಬಂದ್ರಿ, ನೆನಪಿಲ್ವಾ. ಬೈಗುಳ ತಪ್ಪಿದರೆ ಸಾಕಾಗಿತ್ತು ನನಗೆ, ಜಗಳವಾಡುತ್ತಾರೆ, ನಾನಲ್ಲ ಅನ್ನುತ್ತಾರೆ, ಸಂಜೆಗೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಜಗಳವಾಡಲಿಲ್ಲ. ನಾನಾ, ಅಂದರು. ಜಾಡಿಯೊಳಗೆ ಇಣುಕಿ ಮತ್ತೆ, ನಾನೇನಾ. ಆ ಮುಖ ನೋಡಿದ ಮೇಲಾದರೂ ಬಾಯಿ ಬಿಡಬೇಕಿತ್ತು ನಾನು. ಆ ನೀರನ್ನು ಅವರೇ ಬಚ್ಚಲಿಗೆ ಸುರಿದರು, ಜಾಡಿ ಹಿಡ್ಕೊಳ್ತೀನಿ ಅಂತ ಹೋದರೆ ಬೇಡ ಅಂದರು. ನನ್ನ ಗಂಡ ದಾಯುನ್ ಅದನ್ನೂ ತಮಾಷೆ ಮಾಡಿದ, ಏನಮ್ಮಾ, ನಾಳೆ ಮಗ ಯಾರು ಅನ್ನೋದೂ ಮರೆತುಬಿಡ್ತೀಯಾ ಹೇಗೆ. ಅವರೂ ನಕ್ಕರು. ಆಮೇಲೆ ಶುರುವಾಯಿತು, ಗ್ಯಾಸ್ ಆರಿಸಿದ್ದೀನಾ ಅಂತ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬರುವುದು, ಬೀಗದ ಕೈ ಕೈಯಲ್ಲೇ ಇಟ್ಟುಕೊಂಡು ಹುಡುಕುವುದು, ಮಾಜೊಂಗ್ ಬಿಟ್ಟರು, ಲೆಕ್ಕ ತಪ್ಪಿದ್ರೆ ಅವರೆಲ್ಲ ನಗ್ತಾರೆ ಕಣೇ. ಯಾಛಿನ್ ಅಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಅವರು ಏನು ಕೇಳಿದರೂ ಅತ್ತೆಯದು ಒಂದೇ ಉತ್ತರ, ನನಗೆ ಗೊತ್ತಿಲ್ಲ, ನಮ್ಮ ಶುಲಿನ್‌ನ ಕೇಳಿ, ಅವಳಿಗೆ ಎಲ್ಲಾ ನೆನಪಿರುತ್ತೆ. ನಾನು ಪಕ್ಕದಲ್ಲೇ ಕೂತಿದ್ದೆ, ಕೂತೇ ಇದ್ದೆ. ನಿಜವಾಗಿಯೂ ಮರೆವು ಬಂದಿತ್ತೇನೋ, ಯಾರಿಗೆ ಗೊತ್ತು, ಮೊದಲೇ ಇತ್ತೇನೋ ಅಂತ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇನೆ, ಸಮಾಧಾನವಾಗುವುದಿಲ್ಲ, ಕಡ್ಡಿಯ ತುದಿ, ದುಂಡಗೆ ಹರಡುವ ಹನಿ. ವೃದ್ಧಾಶ್ರಮದ ಮಾತು ತೆಗೆದವರೂ ಅತ್ತೆಯೇ. ಯಾವತ್ತೋ ಒಂದಿನ ಗ್ಯಾಸ್ ಬಿಟ್ಟು ನಿಮ್ಮನ್ನೆಲ್ಲ ಸಾಯಿಸಿಬಿಡ್ತೀನಿ, ಅದಕ್ಕಿಂತ ಮುಂಚೆ ನನ್ನ ಎಲ್ಲಾದ್ರೂ ಬಿಟ್ಟು ಬನ್ನಿ.

ಮಾಂಸ ಹಾಕು, ಸೋಯಾ ಸಾಸ್ ಬಾಣಲೆಯ ಅಂಚಿನಿಂದ ಇಳಿಸು, ಸಾಸಿವೆ ದಂಟಿನ ಉಪ್ಪಿನಕಾಯಿ — ಅಂಗಡಿಯ ಪೊಟ್ಟಣದ್ದು, ಈ ಮನೆಯಲ್ಲಿ ಈಗ ಎಲ್ಲ ಪೊಟ್ಟಣದ್ದೇ — ಹುರುಳಿಕಾಯಿ ಮತ್ತೆ ಬಾಣಲೆಗೆ, ಮೇಲೆ ಕೆಳಗೆ ಮಾಡು, ಬೆಳ್ಳುಳ್ಳಿ, ಅಮ್ಮ ಬೆಳ್ಳುಳ್ಳಿ ಕೊಡಿ. ತಂದರು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಪರರ ಮನೆಗೆ ಬಂದವರ ಹಾಗೆ ಹೊಸ್ತಿಲ ಹೊರಗೇ ನಿಂತು. ಎಲ್ಲಕ್ಕಿಂತ ದಪ್ಪಗಿದ್ದ ಒಂದು ಕಾಯಿ ಆರಿಸಿದೆ, ಊದಿ, ಕಡ್ಡಿಯಲ್ಲಿ ಅವರ ಬಾಯಿಯ ಹತ್ತಿರ ಹಿಡಿದೆ, ಯಾವಾಗಲೂ ಅವರೇ ಕಚ್ಚಿ ನೋಡಿ ಆಯ್ತು ಇಳಿಸು ಅನ್ನಬೇಕು, ಅವರು ಅನ್ನದೆ ಈ ಮನೆಯಲ್ಲಿ ಹುರುಳಿಕಾಯಿ ಒಲೆಯಿಂದ ಇಳಿದದ್ದೇ ಇಲ್ಲ. ಬೆಂದಿದೆಯಾ ನೋಡಿ ಅಮ್ಮ. ಕಚ್ಚಿದರು, ನಿಧಾನಕ್ಕೆ ಅಗಿದರು, ಕಣ್ಣು ನನ್ನ ಮುಖದ ಮೇಲೆ, ನನ್ನ ಮುಖ ನೋಡಿ ಉತ್ತರ ಹೇಳುವವರ ಹಾಗೆ. ಬೆಂದಿದೆ ಅನ್ಸುತ್ತೆ, ಅಲ್ವಾ, ನೀನೇ ಒಂದು ಸಲ ನೋಡ್ಬಿಡು ಶುಲಿನ್, ನನ್ನ ನಾಲಿಗೆ ನಂಬಬೇಡ, ಯಾರಿಗಾದ್ರೂ ಏನಾದ್ರೂ ಆದ್ರೆ. ನನ್ನ ನಾಲಿಗೆ ನಂಬಬೇಡ ಅಂತ, ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಬಾಗಿಲಿಂದಲೇ ವಾಸನೆ ಹಿಡಿದು ಬೈಯುತ್ತಿದ್ದವರು. ಒಲೆ ಆರಿಸಿದೆ. ಹೇಳುತ್ತೇನೆ, ಇವತ್ತೇ, ಎಲ್ಲರೆದುರೇ ಹೇಳುತ್ತೇನೆ, ದಾಯುನ್ ಬೈಯಲಿ, ಯಾಛಿನ್ ಅಕ್ಕ ಮುಖಕ್ಕೆ ಉಗಿಯಲಿ, ಅತ್ತೆ ಈ ಸೌಟಿನಿಂದಲೇ ಹೊಡೆಯಲಿ, ಹೊಡೆದರೆ ಎಷ್ಟು ಚೆನ್ನಾಗಿರುತ್ತದೆ, ಹೊಡೆದು ಚೀಲ ಬಿಚ್ಚಿ ಬಟ್ಟೆಯನ್ನು ಬೀರುವಿನಲ್ಲಿಟ್ಟು ನನ್ನನ್ನು ಅಡುಗೆಮನೆಯಿಂದ ಆಚೆಗೆ ಅಟ್ಟಲಿ.

ಯಾಛಿನ್ ಅಕ್ಕ ಬಂದಾಗಿದೆ, ಆರನೇ ಮಹಡಿ ಹತ್ತಿ ಏದುಸಿರು, ಈ ಸೆಖೆ ಮನುಷ್ಯರು ಬದುಕೋಕಲ್ಲ ಕಣಪ್ಪ, ದಾಯುನ್ ಬಿಯರ್ ಬಗ್ಗಿಸುತ್ತಿದ್ದಾನೆ, ನಾಲ್ಕು ಬಟ್ಟಲು ಅನ್ನ, ನಡುವೆ ಹುರುಳಿಕಾಯಿ, ಹಬೆ. ಮೂರು ಗಂಟೆಯ ರೈಲು, ಬೇಗ ಉಂಡ್ಕೊಳ್ಳಮ್ಮ. ನನ್ನ ಬಟ್ಟಲು ಆಚೆ ಸರಿಸಿದೆ, ಅಮ್ಮನ್ನ ಕರ್ಕೊಂಡು ಹೋಗಬೇಡಿ ಅಕ್ಕ. ಏನು. ಜಾಡಿ ಕೆಡಿಸಿದ್ದು ಅಮ್ಮ ಅಲ್ಲ, ನಾನು. ದಾಯುನ್ ಗ್ಲಾಸು ಕೆಳಗಿಟ್ಟ. ನಿಲ್ಲಿಸಲಿಲ್ಲ ನಾನು, ನಿಲ್ಲಿಸಿದ್ದರೆ ಮತ್ತೆ ಬಾಯಿ ಬರುತ್ತಿರಲಿಲ್ಲ, ಅಮ್ಮ ಪಾರ್ಕಿಗೆ ಹೋಗಿದ್ರು, ಮಾಂಸ ಸೀಯ್ತಾ ಇತ್ತು, ಫೋನು ಬಡ್ಕೊಳ್ತಾ ಇತ್ತು, ಒಲೆ ಮೇಲಿನ ಕಡ್ಡಿನೇ ಹಿಡ್ಕೊಂಡು ಓಡಿದೆ, ಹನಿ ಬಿದ್ದಿದ್ದು ಕಣ್ಣಾರೆ ನೋಡಿದೆ, ನೋಡಿಯೂ ಮುಚ್ಚಳ ಹಾಕಿದೆ, ಆಮೇಲೆ ಅಮ್ಮನಿಗೆ ನೀವೇ ಮಾಡಿದ್ದು ಅಂದುಬಿಟ್ಟೆ, ಸುಳ್ಳು, ಅಮ್ಮನಿಗೆ ಯಾವ ಮರೆವೂ ಇಲ್ಲ, ಸುಳ್ಳು ಹೇಳಿದ್ದು ನಾನು. ಹೊಡೆಯಲಿ ಅಂತ ಕಾಯುತ್ತಿದ್ದೆ. ಅತ್ತೆ ಕೈ ಚಾಚಿ ಹುರುಳಿಕಾಯಿ ಎತ್ತಿ ನನ್ನ ಬಟ್ಟಲಿಗೆ ಹಾಕಿದರು, ಒಳ್ಳೊಳ್ಳೆಯ ಚೂರುಗಳನ್ನೇ ಆರಿಸಿ. ನೋಡಿದ್ರಾ ನನ್ನ ಸೊಸೆನ, ಅತ್ತೆ ಹೋಗ್ಬಿಡ್ತಾಳೆ ಅಂತ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಎಳ್ಕೊಳ್ತಿದ್ದಾಳೆ, ಇವಳನ್ನ ಗೋಧಿ ಹಿಟ್ಟಿನ ಕೈ ಅಂತ ಎಷ್ಟು ಆಡ್ಕೊಂಡೆನೋ, ಪಾಪಿ ನಾನು. ಇಲ್ಲ ಅಮ್ಮ, ನಿಜವಾಗ್ಲೂ ನಾನೇ. ಯಾಛಿನ್ ಅಕ್ಕ ನನ್ನ ಮುಂಗೈ ಒತ್ತಿದರು, ಸಾಕು ಶುಲಿನ್, ಗೊತ್ತಾಗುತ್ತೆ ನಮಗೆ, ಅವರ ಕಣ್ಣೂ ಒದ್ದೆಯಾಗಿತ್ತು, ನನ್ನ ಮೇಲಿನ ಪ್ರೀತಿಯಿಂದ, ನನ್ನ ಮೇಲಿನ. ಇಲ್ಲ ಅಕ್ಕ, ಕೇಳಿ. ತಾಳಿ ತಾಳಿ, ಸುಮ್ನಿರಿ ಎಲ್ಲರೂ, ಅಂದರು ಅತ್ತೆ. ಹುಬ್ಬು ಗಂಟಾಯಿತು, ಸಡಿಲವಾಯಿತು, ಮುಖ ಅರಳುತ್ತಾ ಬಂತು, ಇಷ್ಟು ದಿನಗಳಲ್ಲಿ ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಫೋನು, ಹೌದು, ಫೋನು ಬಡ್ಕೊಳ್ತಾ ಇತ್ತು, ಮಾಂಸ ಸೀಯ್ತಾ ಇತ್ತು, ಸೀದ ವಾಸನೆ, ನೆನಪಾಯ್ತು ಕಣ್ರೋ, ನನಗೆ ನೆನಪಾಯ್ತು, ಯಾಛಿನ್, ನೋಡೇ, ನೆನಪು ಬಂತು ನನಗೆ, ಓಡಿ ಹೋದೆ ಬಾಲ್ಕನಿಗೆ, ಹೀಗೆ ಬಗ್ಗಿದೆ — ಬಗ್ಗಿದರು, ಬಟ್ಟಲಿನ ಮೇಲೆ, ಕಡ್ಡಿಗಳನ್ನು ಗಾಳಿಯಲ್ಲಿ ಕೆಳಗಿಳಿಸಿದರು, ಮಗುವಿನ ಹಾಗೆ ನಗುತ್ತಾ, ಹೀಗೆ ಅದ್ದಿದೆ, ಹೀಗೆ, ಅಮ್ಮ ಬೇಡ ಅಮ್ಮ, ಹೀಗೆ ಕಣೇ, ಆ ಬೆರಳುಗಳು, ಆ ಕಡ್ಡಿ, ತುದಿಯಲ್ಲಿ ಹೊಳೆಯುವ ಒಂದು ಹನಿ ಜಿಡ್ಡು, ನನ್ನ ನೆನಪಿನ ಬಾಲ್ಕನಿಯಲ್ಲೂ ಈಗ ಬಗ್ಗಿರುವುದು ಅತ್ತೆ, ನಾನಲ್ಲ, ಅತ್ತೆಯ ಕೈ, ಕಡ್ಡಿಯ ತುದಿ, ಹನಿ