ಕೈಗವಸಿಲ್ಲದ ಮಣ್ಣು

ಮೆಹಿಟಬೆಲ್ ತೀರಿಕೊಂಡದ್ದು ಸೋಮವಾರ. ಗುರುವಾರ ಮಣ್ಣು ಎಂದು ನಿಗದಿಯಾಗಿತ್ತು. ಬುಧವಾರ ಬೆಳಿಗ್ಗೆ ಅವಳ ತಮ್ಮ ಜೇಬೆಸ್ ಬಾಸ್ಟನ್ನಿನಿಂದ ಬಂದಿಳಿದು, ಅಕ್ಕನ ಮುಖ ನೋಡಿ ಅತ್ತು, ಆಮೇಲೆ ತಂದಿದ್ದ ಗಂಟನ್ನು ಬಿಚ್ಚಿದ. ಒಳಗೆ ಇಂಗ್ಲೆಂಡಿನ ಬಿಳಿ ಕೈಗವಸುಗಳಿದ್ದವು.

"ಮನೆಮನೆಗೂ ಕಳಿಸಿ, ಭಾವ," ಎಂದ ಅಕ್ಕನ ಗಂಡ ಅಬೈಜಾನಿಗೆ.

ಸತ್ತವರ ಮನೆಯಿಂದ ಕೈಗವಸು ಹೋದರೆ ಅದೇ ಮಣ್ಣಿಗೆ ಬರಲು ಕರೆ. ಅದನ್ನು ತೊಟ್ಟು ಬರುವುದೇ ಸತ್ತವರಿಗೆ ಸಲ್ಲಿಸುವ ಮರ್ಯಾದೆ. ಇಂಗ್ಲೆಂಡಿನ ರಾಜನ ಪರವಾಗಿ ಕೆನಡಾದಲ್ಲಿ ಕಾದಿ, ಜ್ವರ ಹೊತ್ತು ತಂದು ಸತ್ತ ಮಗನಿಗೂ ಅಬೈಜಾ ಹಾಗೆಯೇ ಮಾಡಿದ್ದ. ಆದರೆ ಕಳೆದ ಚಳಿಗಾಲ ಊರವರು ಪ್ರಾರ್ಥನಾ ಮಂದಿರದಲ್ಲಿ ಸೇರಿ ಒಂದು ಕರಾರು ಮಾಡಿಕೊಂಡಿದ್ದರು. ನಮ್ಮವನೊಬ್ಬನೂ ಕೂರದ ಲಂಡನ್ನಿನ ಪಾರ್ಲಿಮೆಂಟು ನಮ್ಮನ್ನು ಕೇಳದೆ ಗಾಜು, ಕಾಗದ, ಚಹಾದ ಮೇಲೆ ಸುಂಕ ಹೇರಿದೆ. ಅದನ್ನು ತೆಗೆಯುವ ತನಕ ಇಂಗ್ಲೆಂಡಿನ ಸರಕು ಬೇಡ, ಸಾವಿನ ಮನೆಯಲ್ಲಿ ಕೈಗವಸೂ ಬೇಡ. ಪ್ರಾರ್ಥನಾ ಮಂದಿರದ ಹಿರಿಯನಾದ ಅಬೈಜಾನೇ ಮೊದಲು ರುಜು ಹಾಕಿದ್ದ.

"ಆಗಲ್ಲಪ್ಪ ಜೇಬೆಸ್. ಮಾತು ಕೊಟ್ಟಿದ್ದೀನಿ."

"ದಿಕ್ಕಿಲ್ಲದವರ ಹೆಣಾನೂ ಇದಕ್ಕಿಂತ ಚೆನ್ನಾಗಿ ಹೋಗುತ್ತೆ. ಇಷ್ಟು ವರ್ಷ ನಿಮಗೆ ಬೇಯಿಸಿ ಹಾಕಿದ್ದಕ್ಕೆ ಇದೇನಾ?"

"ನಮ್ಮನ್ನ ಒಂದು ಮಾತೂ ಕೇಳದೆ ನಮ್ಮ ತಲೆ ಮೇಲೆ ಹೊರಿಸ್ತಾರಲ್ಲ, ಅದಕ್ಕೆ ಮಾಡಿದ ಕರಾರು ಅದು."

"ಸರಿ. ರುಜು ಹಾಕೋಕೆ ಮುಂಚೆ ನೀವು ನಮ್ಮಕ್ಕನ್ನ ಕೇಳಿದ್ರಾ?"

ಅಬೈಜಾನಿಗೆ ರುಜು ಹಾಕಿ ಮನೆಗೆ ಬಂದ ಸಂಜೆ ನೆನಪಾಯಿತು. ಆ ಸಂಜೆ ಅವಳು ಒಲೆಯ ಬಳಿ ಉಣ್ಣೆ ಬಿಡಿಸುತ್ತಿದ್ದಳು. "ಹಾಕಿ ಬಂದೆ" ಎಂದಿದ್ದ. ಅವಳು ಎದ್ದು ಗಂಜಿ ಬಡಿಸಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತೋ ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅವಳನ್ನು ಮಲಗಿಸಿದ್ದ ಕೋಣೆಗೆ ಹೋಗಿ ಮೊಣಕಾಲೂರಿದ. ಪ್ರಾರ್ಥನೆ ಮೊದಲ ಮಾತಿನಲ್ಲೇ ನಿಂತುಹೋಯಿತು. ಈಗ ಕೇಳಿ ಏನು ಫಲ? ಕೊಟ್ಟ ಮಾತು ಮುರಿದರೆ ದೇವರ ಮುಂದೆ ಸುಳ್ಳನಾಗುತ್ತಾನೆ; ಉಳಿಸಿಕೊಂಡರೆ ಇವಳ ಮುಂದೆ ತಲೆ ಎತ್ತುವಂತಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು ಕೋಟು ತೊಟ್ಟು, ಗಂಟನ್ನು ಮುಟ್ಟದೆ, ಕುಂಟುವ ಕಾಲಲ್ಲಿ ತಾನೇ ಮನೆಮನೆಗೂ ಹೋಗಿ ಮಣ್ಣಿಗೆ ಬನ್ನಿ ಎಂದು ಬೇಡಿಕೊಂಡ.

ಗುರುವಾರ ಅಂಗಳ ತುಂಬ ಜನ ನೆರೆದರು. ಕೊರೆಯುವ ಚಳಿಯಲ್ಲೂ ಎಲ್ಲರದೂ ಬರಿಗೈ. ಪೆಟ್ಟಿಗೆ ಎತ್ತುವ ಮೊದಲು ಅಬೈಜಾ ಟೋಪಿ ತೆಗೆದು, ಪ್ರಾರ್ಥನಾ ಮಂದಿರದಲ್ಲಿ ಎಲ್ಲರ ಮುಂದೆ ಪಾಪ ಒಪ್ಪಿಕೊಳ್ಳುವವರಂತೆ ತಲೆ ತಗ್ಗಿಸಿ ನಿಂತ.

"ಕರಾರಿಗೆ ನಾನು ತಪ್ಪಿಲ್ಲ. ಆದರೆ ಇವಳ ಮಣ್ಣಿನ ಮರ್ಯಾದೇನ ಇವಳನ್ನ ಕೇಳದೆ ಬಿಟ್ಟುಕೊಟ್ಟೆ. ಆ ತಪ್ಪು ನನ್ನದು. ಎಲ್ಲರೂ ಕ್ಷಮಿಸಬೇಕು."

ಹೊರುವವರು ಬಾಗಿದರು. ಜೇಬೆಸ್ ಬಿಳಿ ಕೈಗವಸು ತೊಟ್ಟೇ ಮುಂದೆ ಬಂದ. ಕರಾರಿನ ಉಸ್ತುವಾರಿಯ ಈನಾಕ್ ಅಡ್ಡ ನಿಂತ.

"ಕೈಗವಸು ಬಿಚ್ಚಿ ಹೆಗಲು ಕೊಡಯ್ಯ. ಇಲ್ಲ ಅಂದ್ರೆ ದೂರ ನಿಲ್ಲು."

"ಬಿಡು ಈನಾಕ್," ಎಂದ ಅಬೈಜಾ. "ಅವನು ರುಜು ಹಾಕಿಲ್ಲ."

"ಊರಿನ ಕರಾರು, ಹಿರಿಯರೇ."

"ಊರು ಅವನನ್ನ ಕೇಳಿಲ್ಲವಲ್ಲ."

ಈನಾಕ್ ಅರೆಮನಸ್ಸಿನಿಂದ ಸರಿದ. ಜೇಬೆಸ್ ಅಕ್ಕನ ತಲೆಯ ಕಡೆಗೆ ಹೆಗಲು ಕೊಟ್ಟ. ಅಬೈಜಾ ಹಿಂದೆ ನಡೆದ.