ನಿದ್ದೆ ಬಿಟ್ಟುಹೋದ ಮನೆ

ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಡುವ ಅವಳು, ಅಪ್ಪ ನಿದ್ದೆಯಿಲ್ಲದೆ ಸತ್ತದ್ದನ್ನು ಕಣ್ಣಾರೆ ಕಂಡವಳು. ಆಗ ಅವಳಿಗೆ ಹನ್ನೆರಡು. ಐವತ್ತು ದಾಟುತ್ತಿದ್ದಂತೆ ಅಪ್ಪನ ಕಣ್ಣು ಮುಚ್ಚುವುದೇ ನಿಂತುಹೋಗಿ, ಹತ್ತೇ ತಿಂಗಳಲ್ಲಿ ಆಳು ಸವೆದುಹೋದ. ಚಿಂತೆ ತಿಂದಿತು ಎಂದರು ಎಲ್ಲರೂ. ಈ ವರ್ಷ ದರ್ಜಿ ಅಣ್ಣನಿಗೂ ಅದೇ ಹಿಡಿಯಿತು.

"ಡಾಕ್ಟರ್ ಹೇಳಿದ್ದು ನನ್ ತಲೆಗೆ ಹೋಗ್ಲಿಲ್ಲ. ನೀನಾದ್ರೂ ಬಿಡಿಸಿ ಹೇಳೇ" ಎಂದಳು ಅತ್ತಿಗೆ.

"ಪ್ರೋಟೀನ್ ಅಂದ್ರೆ ಮಣಿಸರ ಅನ್ಕೋ ಅತ್ತಿಗೆ. ಮಣಿಗೂ ಮಣಿಗೂ ನಡುವಿನ ಬಂಧ ಗಟ್ಟಿ. ಆದ್ರೆ ಸರ ಮಡಚಿಕೊಂಡು ಒಂದು ಆಕಾರದಲ್ಲಿ ನಿಲ್ಲೋದು ಸಣ್ಣಪುಟ್ಟ ಬಂಧಗಳ ಮೇಲೂ. ಹೈಡ್ರೋಜನ್ ಬಂಧ ಅಂತಾರೆ. ಒಂದೊಂದೂ ಬಡಪಾಯಿ, ನೂರಾರು ಸೇರಿದ್ರೆ ಬಿಗಿ. ಅಣ್ಣನ ಸರದಲ್ಲಿ ಒಂದೇ ಒಂದು ಮಣಿ ಬೇರೆ. ಅಪ್ಪನಿಂದ ಬಂದಿದ್ದು; ಮಕ್ಕಳಿಗೆ ಬರಬಹುದು, ಬರದೇನೂ ಇರಬಹುದು. ವಯಸ್ಸಾಗ್ತಾ ಮಡಿಕೆ ತಪ್ತು. ತಪ್ಪಿದ್ದು ಪಕ್ಕದ್ದನ್ನೂ ತನ್ನ ಹಾಗೇ ಮಾಡ್ಕೊಳತ್ತೆ. ಮೆದುಳಲ್ಲಿ ನಿದ್ದೆ ತರಿಸೋ ಜಾಗ ಹಾಳಾಗತ್ತೆ."

"ಇಸ್ತ್ರಿ ಹಾಕೋಕಾಗಲ್ವಾ?" ಅತ್ತಿಗೆ ನಗಲಿಲ್ಲ.

"ಆಗಲ್ಲ."

ಒಂದು ಮಧ್ಯಾಹ್ನ ಅವಳು ಹೋದಾಗ ಅಣ್ಣ ಮಿಷನ್ ಮುಂದೆ ಕೂತು, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಿದ್ದ. ಕಣ್ಣು ತೆರೆದೇ ಇತ್ತು.

"ಬಾ ಪುಟ್ಟಿ. ಅಪ್ಪ ಅಳತೆ ಕೊಡೋಕೆ ಬಂದಿದಾರೆ. ಟೇಪು ಹಿಡಿ."

ಕನಸು ಎಚ್ಚರದೊಳಕ್ಕೇ ನುಗ್ಗುವ ಹಂತವಿದು ಎಂದು ಅವಳಿಗೆ ಗೊತ್ತಿತ್ತು. ಆದರೂ ಅವನು ಕೈ ತೋರಿದ ಕಡೆ ತಿರುಗಿ ನೋಡಿದಳು. ಕಿಟಕಿಯ ಹತ್ತಿರ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವಳು ಅಪ್ಪನ ಭುಜವಿರಬೇಕಾದ ಎತ್ತರಕ್ಕೆ ಟೇಪು ಹಿಡಿದಳು.

"ಎಷ್ಟು?"

"ಹದಿನಾರು."

"ತುಂಬ ಇಳಿದುಹೋಗಿದಾರೆ" ಎಂದು ಅಣ್ಣ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡ.

ಮೂರು ವಾರಕ್ಕೆ ಅವನೂ ಹೋದ.

ಆಮೇಲೆ ಅವಳು ತನ್ನ ರಕ್ತ ಪರೀಕ್ಷೆಗೆ ಕೊಟ್ಟಳು. ಅವಳ ಮಣಿ ಸರಿಯಾಗಿತ್ತು. ಮನೆಗೆ ಬರುವ ಬಸ್ಸಿನಲ್ಲಿ ಕಣ್ಣು ತಾನಾಗಿ ಎಳೆಯಿತು. ಎದ್ದಾಗ ಕೊನೆಯ ಸ್ಟಾಪ್. ಅಣ್ಣನ ಪಾಲನ್ನು ಕದ್ದು ತಿಂದ ಹಾಗಾಗಿ, ನೆಟ್ಟಗೆ ಅತ್ತಿಗೆಯ ಮನೆಗೆ ನಡೆದಳು.

ಅಣ್ಣನ ಮಗಳು, ಇಪ್ಪತ್ತು ವರ್ಷದವಳು, ಹಗಲಲ್ಲೇ ಬಟ್ಟೆರಾಶಿಯ ಮೇಲೆ ಮಲಗಿದ್ದಳು. ಅತ್ತಿಗೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು.

"ಮೂರು ಗಂಟೆ ಆಯ್ತು" ಎಂದು ಪಿಸುಗುಟ್ಟಿದಳು. "ಒಂದು ಸಲಾನೂ ಎಚ್ಚರ ಆಗಿಲ್ಲ. ನಿಂದೇನಾಯ್ತು?"

"ನನಗಿಲ್ಲ ಅತ್ತಿಗೆ."

ಅತ್ತಿಗೆ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆದರೆ ಮಗಳ ರೆಪ್ಪೆಗಳಿಂದ ಕಣ್ಣು ಕೀಳಲಿಲ್ಲ.