ಬಂಗಾರಮ್ಮ ತೊಳೆದ ಬಟ್ಟಲು

ಬಂಗಾರಮ್ಮನ ಕೈಗೆ ಸಿಕ್ಕ ಪಾತ್ರೆಯ ಗತಿ ಏನೆಂದು ಜನ್ನಾಪುರದಲ್ಲಿ ಗೊತ್ತಿಲ್ಲದವರಿಲ್ಲ. ಗಂಡ ಭೂತಪ್ಪ ಕೆಲಸದಲ್ಲಿದ್ದಷ್ಟು ಕಾಲವೂ ಅವರದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸು. ಅಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನಲ್ಲಿ ನೀರು. ನೀರು ಬಂತೆಂದರೆ ಎದುರಿಗಿದ್ದದ್ದನ್ನೆಲ್ಲ ತೊಳೆದುಬಿಡಬೇಕು. ಇದು ಮುಸುರೆಯೋ ಅಲ್ಲವೋ ಎಂದು ಯೋಚಿಸುತ್ತ ಕೂತರೆ ನೀರು ನಿಂತೇ ಹೋಗುತ್ತದೆ. ಆಕೆ ಉಜ್ಜಿದ ರಭಸಕ್ಕೆ ಮದುವೆಯಲ್ಲಿ ಉಡುಗೊರೆ ಬಂದ ಲೋಟಗಳ ಮೇಲಿನ ಹೆಸರುಗಳೇ ಅಳಿಸಿಹೋಗಿದ್ದವು. ಯಾವುದನ್ನು ಯಾರು ಕೊಟ್ಟದ್ದೆಂದು ಈಗ ಯಾರಿಗೂ ನೆನಪಿಲ್ಲ.

ಆಕೆಗೆ ಇನ್ನೊಂದು ಚಟವೂ ಇತ್ತು, ಮಗಳನ್ನು ಹೊಗಳುವುದು. ಅಕ್ಷಯಾ ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಖಾಸಗಿ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸಕ್ಕರೆ ಕಾಯಿಲೆಯ ಅಪ್ಪನ ಕಾಲಿನ ಹುಣ್ಣು ವರ್ಷವಾದರೂ ಮಾಯದೆ ಕಾಡಿದ್ದನ್ನು ಕಂಡವಳು ಅವಳು. ಅಂಥ ಹುಣ್ಣಿಗೆ ಹೊದಿಸುವ ಪೊರೆಯೊಂದನ್ನು ಮಾಡಿಯೇ ತೀರಬೇಕೆಂಬ ಹಟ ಅಲ್ಲಿಂದ ಹುಟ್ಟಿತ್ತು.

ಒಮ್ಮೆ ಊಟಕ್ಕೆ ಕೂತಾಗ ಅಮ್ಮನಿಗೆ ಬಿಡಿಸಿ ಹೇಳಿದ್ದಳು. "ಜೀವಕೋಶಗಳು ಬಟ್ಟಲಲ್ಲಿ ಬೆಳೀತಾ ತಮ್ಮ ಸುತ್ತ ತಾವೇ ಒಂದು ಬಲೆ ಹೆಣ್ಕೊಳ್ತವೆ ಅಮ್ಮ. ಆಮೇಲೆ ಕೋಶಗಳನ್ನ ಖಾಲಿ ಮಾಡಿಸಿ ಬಲೆ ಮಾತ್ರ ಉಳಿಸ್ಕೊಳ್ತೀವಿ. ಗಾಯದ ಮೇಲೆ ಹಾಕಿದ್ರೆ ಅಲ್ಲಿನ ಕೋಶಗಳು ಬಂದು ಅದ್ರಲ್ಲಿ ಸಂಸಾರ ಹೂಡ್ಬೇಕು."

"ನಾವು ಕ್ವಾರ್ಟರ್ಸ್ ಬಿಟ್ಮೇಲೆ ಬೇರೆಯವ್ರು ಬಂದ್ರಲ್ಲ, ಹಂಗೆ?"

"ಹಂಗೇ. ನೀನು ಹೊಡೆದ ಮೊಳೆಗೇ ಅವ್ರು ಕ್ಯಾಲೆಂಡರ್ ನೇತುಹಾಕಿದಾರಲ್ಲ, ಹಂಗೆ."

ಇಷ್ಟು ಸಾಕಾಯಿತು. "ನನ್ ಮಗಳು ಚರ್ಮ ಬೆಳೀತಾಳೆ" ಎಂದು ಬಂಗಾರಮ್ಮ ಬೀದಿಯುದ್ದಕ್ಕೂ ಡಂಗುರ ಸಾರಿದಳು. ಪಕ್ಕದ ಮನೆಯ ಶೇಷಮ್ಮ ಸುಮ್ಮನಿದ್ದಾಳೆಯೇ? "ನೀನು ಕಣ್ಣಾರೆ ಕಂಡಿದೀಯೇನೇ ಮಾರಾಯ್ತಿ? ಕಂಡು ಬಂದು ಹೇಳು, ಆಮೇಲೆ ನಂಬ್ತೀನಿ" ಅಂದಳು. ಆ ಮಾತು ನಾಟಿತು. ಮಾರನೆಯ ದಿನವೇ ಬಂಗಾರಮ್ಮ ರೊಟ್ಟಿ ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು.

ಅವಳು ಹೋದ ದಿನವೇ ಬೆಂಗಳೂರಿನಿಂದ ಯಜ್ಞನಾರಾಯಣ ಎಂಬ ಹಿರಿಯ ವಿಜ್ಞಾನಿ ಬರುವವರಿದ್ದರು. ಅಕ್ಷಯಾಳ ಕೆಲಸ ಮುಂದುವರಿಯಬೇಕೋ ಅಲ್ಲಿಗೇ ನಿಲ್ಲಬೇಕೋ ಎಂದು ತೀರ್ಮಾನಿಸುವವರು ಅವರೇ. ಹಿಂದಿನ ಸಲ ಬಂದಾಗ, "ಇಷ್ಟು ತೆಳು ಪೊರೆ ನೀರು ಬಿದ್ರೆ ಎದ್ದುಹೋಗುತ್ತೆ ಕಣಮ್ಮ, ಗಾಯದ ಮೇಲೆ ಎಲ್ಲಿ ನಿಂತೀತು?" ಎಂದು ತಲೆಯಾಡಿಸಿ ಹೋಗಿದ್ದರು. ಈ ಸಲ ತೋರಿಸಲು ಸಿದ್ಧವಾಗಿದ್ದದ್ದು ಪೊರೆ ಬೆಳೆದ ಒಂದೇ ಬಟ್ಟಲು. ಅದನ್ನು ಮೇಜಿನ ಮೇಲಿಟ್ಟು, ಅಮ್ಮನನ್ನು ಅಲ್ಲೇ ಕೂರಿಸಿ, ಅಕ್ಷಯಾ ಯಜ್ಞನಾರಾಯಣರನ್ನು ಕರೆತರಲು ಗೇಟಿಗೆ ಹೋದಳು.

ಬಂಗಾರಮ್ಮ ಸುತ್ತ ಕಣ್ಣಾಡಿಸಿದಳು. ಚರ್ಮವೆಂದರೆ ಚಪಾತಿಯ ಹಾಗಾದರೂ ಇರಬೇಡವೇ? ಅಂಥದ್ದು ಎಲ್ಲೂ ಕಾಣಲಿಲ್ಲ. ಕಂಡದ್ದು ಒಂದು ಪುಟ್ಟ ಪಾರದರ್ಶಕ ಬಟ್ಟಲು, ಅದರ ತಳದಲ್ಲಿ ಒಂದಿಷ್ಟು ನೀರು. ಪಕ್ಕದಲ್ಲೇ ನಲ್ಲಿ. ತಿರುಗಿಸಿದರೆ ಧೋ ಎಂದು ನೀರು! ದೊಡ್ಡವರು ಬರುವ ಹೊತ್ತಿಗೆ ಮಗಳ ಮೇಜಿನ ಮೇಲೆ ಮುಸುರೆ ಇರುವುದೇ? ಬಟ್ಟಲನ್ನು ನಲ್ಲಿಗೆ ಹಿಡಿದು ಚೆನ್ನಾಗಿ ಗಲಬರಿಸಿ ಚೆಲ್ಲಿದಳು. ಮತ್ತೊಮ್ಮೆ ಗಲಬರಿಸಿದಳು. ಇನ್ನೇನು ಬೆರಳು ಹಾಕಿ ಉಜ್ಜಬೇಕು, ಬಾಗಿಲಲ್ಲಿ "ಅಮ್ಮಾ!" ಎಂಬ ಕೂಗು ಕೇಳಿತು.

ಅಕ್ಷಯಾಳ ಮುಖ ಬಿಳಿಚಿಕೊಂಡಿತ್ತು. ಹಿಂದೆ ಯಜ್ಞನಾರಾಯಣರು ನಿಂತಿದ್ದರು. ಏನಾಯಿತೆಂದು ಯಾರೂ ಹೇಳದಿದ್ದರೂ ಬಂಗಾರಮ್ಮನಿಗೆ ತಿಳಿದುಹೋಯಿತು, ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಯಾರೋ ಕೆಲಸದಾಕೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅಕ್ಷಯಾ ಹಾಗೆ ಮಾಡಲಿಲ್ಲ. "ಸರ್, ಇವ್ರು ನಮ್ಮಮ್ಮ. ಗೊತ್ತಿಲ್ದೆ ಬಟ್ಟಲು ತೊಳೆದಿದಾರೆ. ಇವತ್ತು ತೋರಿಸ್ಬೇಕಾಗಿದ್ದಿದ್ದು ಇದೊಂದೇ" ಎಂದಳು.

ಯಜ್ಞನಾರಾಯಣರು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. "ಬಣ್ಣ ಹಾಕಿ. ಪೊರೆ ಉಳಿದಿದ್ರೆ ಬಣ್ಣ ಹಿಡಿದು ಕಾಣ್ಲಿ" ಎಂದು ಕುರ್ಚಿ ಎಳೆದುಕೊಂಡು ಕೂತರು.

ಬಣ್ಣ ಹತ್ತುವ ತನಕ ಬಂಗಾರಮ್ಮ ಮೂಲೆಯಲ್ಲಿ ಕೂತು ಅಂತರಘಟ್ಟಮ್ಮನಿಗೆ ಹರಕೆಯ ಮೇಲೆ ಹರಕೆ ಹೊತ್ತಳು. ಜೀವನದಲ್ಲಿ ಮೊದಲ ಸಲ ತನ್ನ ಕೈ ಸೋಲಲಿ ಎಂದು ಬೇಡಿಕೊಂಡಳು. ಕಣ್ಣು ತುಂಬಿ ತುಂಬಿ ಬರುತ್ತಿತ್ತು.

ಅಕ್ಷಯಾ ಬಣ್ಣ ಚೆಲ್ಲಿ ಬಟ್ಟಲನ್ನು ಬಿಳಿ ಹಾಳೆಯ ಮೇಲಿಟ್ಟಳು. ತಳವೆಲ್ಲ ಕುಂಕುಮದ ಕೆಂಪು! ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಯಜ್ಞನಾರಾಯಣರು ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ನಗುತ್ತಿದ್ದರು.

"ಒಂದೆಳೆಯೂ ಕಿತ್ತುಹೋಗಿಲ್ಲ. ನೀರಿಗೆ ಎದ್ದುಹೋಗುತ್ತೆ ಅಂದಿದ್ದೆ, ನನ್ನ ಮಾತು ತಪ್ಪಾಯ್ತು. ಇದೇ ಪರೀಕ್ಷೆ ಇನ್ನೊಂದಷ್ಟು ಬಟ್ಟಲಿಗೆ ಮಾಡಿ ತೋರಿಸ್ಬೇಕಮ್ಮ. ಕೆಲಸ ನಿಲ್ಲಿಸೋ ಮಾತು ಬೇಡ, ಮುಂದುವರಿಸಿ." ಆಮೇಲೆ ಮೂಲೆಯತ್ತ ತಿರುಗಿದರು. "ತಾವೂ ಬಂದು ನೋಡಿ ತಾಯಿ."

ಬಂಗಾರಮ್ಮ ನೋಡಿದಳು. ಒಂದರೊಳಗೊಂದು ಹೆಣೆದುಕೊಂಡ ಕೆಂಪು ನೂಲುಗಳು, ನಡುನಡುವೆ ಪುಟ್ಟ ಪುಟ್ಟ ಖಾಲಿ ಜಾಗಗಳು. ಖಾಲಿಯಾದ ಕ್ವಾರ್ಟರ್ಸುಗಳು ಎಂದುಕೊಂಡಳು. ಹೆಮ್ಮೆಯಿಂದ ಮಗಳ ಕೆನ್ನೆ ಸವರಿದಳು.

ಸಂಜೆ ಜನ್ನಾಪುರದಲ್ಲಿ ಬಸ್ಸಿಳಿದು ಬರುವಷ್ಟರಲ್ಲಿ ಶೇಷಮ್ಮ ಕಾಂಪೌಂಡಿಗೆ ಒರಗಿ ಕಾಯುತ್ತಿದ್ದಳು.

"ಏನೇ, ಕಂಡ್ಯಾ?"

"ಕಾಣೋದಿರ್ಲಿ ಮಾರಾಯ್ತಿ, ತೊಳೆದೇ ಬಂದೆ."

"ತೊಳೆದ್ಯಾ! ಅಯ್ಯೋ, ಆಮೇಲೆ?"

ಬಂಗಾರಮ್ಮ ಸೆರಗು ಹೊದ್ದು ನೆಟ್ಟಗೆ ನಿಂತಳು. "ನನ್ ಕೈಲಿ ತೊಳೆದ್ರೂ ಹೋಗ್ಲಿಲ್ಲ ಕಣೇ, ನನ್ ಮಗಳು ಮಾಡಿದ್ದು!"

ಆ ಕೈಯ ಪ್ರತಾಪವನ್ನು ಬಲ್ಲ ಶೇಷಮ್ಮ ಆಗಲೇ ನಂಬಿಬಿಟ್ಟಳು.